ನಗಿಮಾರಿ

ಒಳಗೆ ಮಂಚ ಕಿರ್ ಎಂದಿತು, ಎದ್ದಳೇನೋ, ಇಲ್ಲ, ಮಗ್ಗುಲು ಬದಲಿಸಿದಳು ಅಷ್ಟೆ, ಮತ್ತೆ ಅದೇ ಉಸಿರು, ಪಡಸಾಲೆಯಲ್ಲಿ ಕೂತ ನನಗೂ ಕೇಳುವ ಉದ್ದನೆಯ ಉಸಿರು – ಎಳೆದುಕೊಳ್ಳುತ್ತಾಳೆ, ನಿಲ್ಲುತ್ತದೆ, ಬಿಡುತ್ತಾಳೆ, ಆ ನಿಂತಷ್ಟು ಹೊತ್ತು ನನ್ನ ಕೈಯೂ ನಿಲ್ಲುತ್ತದೆ, ಬಿಟ್ಟಮೇಲೆ ಮತ್ತೊಂದು ಮೆಣಸಿನಕಾಯಿ, ತೊಟ್ಟು ಮುರಿ, ಮೊರಕ್ಕೆ ಹಾಕು. ವರ್ಷದ ಖಾರಪುಡಿಗೆ ಇಷ್ಟು ಸಾಕು, ಘಾಟಿಗೆ ಮೂಗು ಕಟ್ಟಿದೆ, ಬೆರಳ ತುದಿ ಸಣ್ಣಗೆ ಉರಿಯುತ್ತಿದೆ. ಭಾನುವಾರ, ಶಾಲೆ ಇಲ್ಲ, ಮಲಗಲಿ ಬಿಡು, ಭಾನುವಾರ ಮಕ್ಕಳು ಮಲಗುವುದಿಲ್ಲವೇ, ಸಂಶಿಯ ಎಷ್ಟು ಮನೆಗಳಲ್ಲಿ ಬಿಸಿಲು ಇಷ್ಟು ಏರಿದಮೇಲೂ ಒಂದೊಂದು ಮಗು ಮಲಗೇ ಇದ್ದೀತು – ಆದರೆ ನಮ್ಮ ಶಾಂಭವಿ ಹಾಗೆ ಮಲಗುವವಳಲ್ಲ, ರಜೆಯ ದಿನವೇ ಎಲ್ಲರಿಗಿಂತ ಮೊದಲು ಎದ್ದು ಅಂಗಳಕ್ಕೆ ಬರುವವಳು, ಮತ್ತು ನಿನ್ನೆ ಸಂಜೆಯಿಂದ ಔಷಧದ ಅಳತೆ ಏರಿಸಿದ್ದೇವೆ, ಡಾಕ್ಟರು ಹೇಳಿದ ಹಾಗೆಯೇ ಏರಿಸಿದ್ದೇವೆ, ಮತ್ತು ಇವತ್ತು ಇವಳು ಏಳುತ್ತಿಲ್ಲ. ಅತ್ತೆಗೂ ಅದು ಗೊತ್ತು. ಲಿಂಗಪೂಜೆ ಮುಗಿಸಿ ಬಂದು ಬಾಗಿಲ ಚೌಕಟ್ಟಿಗೆ ಒರಗಿ ಕೂತವರು ಇನ್ನೂ ಎದ್ದಿಲ್ಲ, ಸುಟ್ಟು ಮಾಯ್ದ ಕಾಲನ್ನು ಮುಂದೆ ಚಾಚಿಕೊಂಡು, ನನ್ನ ಕಡೆ ನೋಡದೆ, ಒಳಗಿನ ಕತ್ತಲೆಗೆ ಕಿವಿಗೊಟ್ಟು ಕೂತಿದ್ದಾರೆ. ಮಾತಾಡಿದರೆ ಮಲ್ಲಮ್ಮನ ಹೆಸರು ಬಂದೇ ಬರುತ್ತದೆ.

ಶಾಂಭವಿಗೆ ನಗಿಮಾರಿ, ನಗುಮುಖದವಳು, ಎಂದು ಹೆಸರಿಟ್ಟವರು ಅತ್ತೆಯೇ, ನನ್ನ ನಗಿಮಾರಿ ಎಲ್ಲಿ ಐತಿ, ಬಾ ಇಲ್ಲೆ, ಎಂದು ಕರೆದರೆ ಸಾಕು, ಮೊಮ್ಮಗಳು ನಗುತ್ತ ಬರುತ್ತಿದ್ದಳು, ಬೈದರೆ ನಗು, ಬಿದ್ದರೆ ನಗು, ಊಟದ ನಡುವೆ ಯಾರೂ ಏನೂ ಅನ್ನದಿದ್ದರೂ ಒಮ್ಮೆಲೆ ನಗು, ಮನೆಗೆ ಬಂದ ಬೀಗರೆಲ್ಲ ಇಂಥ ಕೂಸು ಇರಬೇಕು ನೋಡ್ರಿ ಎಂದು ಹೇಳಿ ಹೋಗುತ್ತಿದ್ದರು, ನನಗೆ ಹೆಮ್ಮೆ. ಆ ನಗುವಿಗಿಂತ ಮೊದಲು ಏನಾಗುತ್ತಿತ್ತು ಎಂದು ಯಾರು ನೋಡಿದ್ದೆವು, ಕೈಯಲ್ಲಿ ತುತ್ತು ಹಾಗೇ ಇರುತ್ತಿತ್ತು, ಕಣ್ಣು ತೆರೆದೇ ಇರುತ್ತಿತ್ತು, ರೆಪ್ಪೆ ಸಣ್ಣಗೆ ಅದುರುತ್ತಿತ್ತು, ನಾವು ಒಂದು ತುತ್ತು ಅಗಿದು ನುಂಗುವಷ್ಟು ಹೊತ್ತು, ಅಷ್ಟೇ, ಕರೆದರೆ ಓ ಎನ್ನುತ್ತಿರಲಿಲ್ಲ – ಧ್ಯಾನ ಎಲ್ಲೈತಿ ನಿಂದು ಎಂದು ನಾನೇ ಎಷ್ಟು ಸಲ ತಲೆಗೆ ಮೊಟಕಿದ್ದೇನೆ, ಧ್ಯಾನ ಎಲ್ಲೂ ಇರಲಿಲ್ಲ, ಅದೇ ತಾನೆ ಸಂಗತಿ. ಮೊದಲು ಗುರುತು ಹಿಡಿದವರು ಅವಳ ಶಾಲೆಯ ಸವಿತಾ ಟೀಚರ್. ಮಗ್ಗಿ ಹೇಳಿಸುವಾಗ ಎಲ್ಲರ ದನಿಯೊಳಗಿಂದ ಇವಳ ದನಿ ಕಳಚಿಹೋಗುತ್ತದಂತೆ, ಮತ್ತೆ ಶುರುವಾದಾಗ ತಾನು ಬಿಟ್ಟಲ್ಲಿಂದಲೇ ಹಿಡಿಯುತ್ತಾಳಂತೆ, ಅಷ್ಟರಲ್ಲಿ ಉಳಿದವರು ಮುಂದೆ ಹೋಗಿರುತ್ತಾರೆ, ತರಗತಿಯೆಲ್ಲ ನಗುತ್ತದೆ, ಇವಳೂ ನಗುತ್ತಾಳೆ. ಶಾಲೆಯ ಗೇಟಿನ ಹತ್ತಿರ ನನ್ನನ್ನು ಬದಿಗೆ ಕರೆದು ಹೇಳಿದರು, ಇದು ಹುಡುಗಾಟ ಅಲ್ಲ ಅನಸ್ತೈತ್ರಿ ಅಕ್ಕಾರ, ಒಮ್ಮೆ ಹುಬ್ಬಳ್ಳಿಗಿ ತೋರಸ್ರಿ. ನಾನು ಅವರ ಮೇಲೆ ಸಿಟ್ಟಾಗಿದ್ದೆ, ಮೂರು ದಿನ ಆ ಗೇಟಿನ ಕಡೆ ಹೋಗದೆ ಮಗಳನ್ನು ತಿರುವಿನಲ್ಲೇ ಬಿಟ್ಟು ಬರುತ್ತಿದ್ದೆ, ಆಮೇಲೆ ಒಂದು ಸಂಜೆ ಜಡೆ ಹಾಕುತ್ತ ಕನ್ನಡಿಯಲ್ಲಿ ಅವಳ ಕಣ್ಣು ನೋಡಿದೆ, ತೆರೆದೇ ಇತ್ತು, ನನ್ನನ್ನು ನೋಡುತ್ತಿರಲಿಲ್ಲ.

ಹುಬ್ಬಳ್ಳಿಯ ಡಾಕ್ಟರು ಇನ್ನೂ ಹರೆಯದವರು, ನಮ್ಮ ಮಾತೇ ಆಡುತ್ತಿದ್ದರು, ತಲೆಗೆ ತಂತಿ ಅಂಟಿಸಿ ಪರೀಕ್ಷೆ ಮಾಡಿಸುವ ಮೊದಲು ಮೇಜಿನ ಖಾನೆಯಿಂದ ಒಂದು ಕಾಗದದ ಗಿರಗಿಟ್ಲಿ ತೆಗೆದು ಇವಳ ಕೈಗೆ ಕೊಟ್ಟರು, ಊದು ಪುಟ್ಟಿ, ಜೋರಾಗಿ ಊದು, ನಿಲ್ಲಸಬ್ಯಾಡ. ಊದಿದಳು, ಹಳದಿ ಕೆಂಪು ಕೂಡಿ ಕಿತ್ತಳೆಯಾಗಿ ತಿರುಗಿತು, ನಾನು ಅದನ್ನೇ ನೋಡುತ್ತಿದ್ದೆ, ತಿರುಗುತ್ತ ತಿರುಗುತ್ತ ಮತ್ತೆ ಹಳದಿ ಬೇರೆ ಕೆಂಪು ಬೇರೆ ಆಯಿತು, ನಿಂತಿತು – ಇವಳ ತುಟಿ ಊದಿದ ಆಕಾರದಲ್ಲೇ ಇತ್ತು, ಉಸಿರು ಮಾತ್ರ ಆ ಕೆಲಸ ಬಿಟ್ಟಿತ್ತು, ಡಾಕ್ಟರು ಶಾಂಭವಿ, ಆನಿ, ಎಂದು ಮೆಲ್ಲಗೆ ಹೇಳಿದರು, ಇವಳು ನಕ್ಕು ಮತ್ತೆ ಊದತೊಡಗಿದಳು, ಈಗ ನಾ ಏನಂದೆ ಹೇಳು ಎಂದರೆ ಗೊತ್ತಿರಲಿಲ್ಲ. ಆನೆ ಅವಳ ಹತ್ತಿರ ಬಂದೇ ಇರಲಿಲ್ಲ. ನಾನು ಮತ್ತು ನಮ್ಮ ಮನೆಯವರು ಪಕ್ಕದಲ್ಲೇ ಕೂತಿದ್ದೆವು. ಇದೂ ಫಿಟ್ಸೇ, ಎಂದರು ಡಾಕ್ಟರು, ಬಿದ್ದು ಒದ್ದಾಡೂದಷ್ಟ ಫಿಟ್ಸ್ ಅಲ್ಲ, ಇದು ಸಣ್ಣದು, ದಿನಕ್ಕ ಎಷ್ಟು ಬರ್ತಾವ ನಿಮಗ ಗೊತ್ತಾಗಿಲ್ಲ ಅಷ್ಟ, ಔಷಧಕ್ಕ ಬಗ್ಗತೈತಿ, ದಿನಾ ಎರಡು ಹೊತ್ತು, ಸಣ್ಣ ಅಳತಿಯಿಂದ ಶುರು ಮಾಡೂಣು, ಎರಡು ವರ್ಷ ಬರದಂಗ ಇದ್ರ ಆಮ್ಯಾಲೆ ನಿಲ್ಲಸೂ ವಿಚಾರ. ದೀಪಾವಳಿ ಅದೇ ಆಗ ಮುಗಿದಿತ್ತು. ಔಷಧವನ್ನು ಹುಬ್ಬಳ್ಳಿಯಲ್ಲೇ ಕೊಂಡೆವು, ಸಂಶಿಯ ಅಂಗಡಿಯಲ್ಲಿ ಕೇಳುವುದು ಬೇಡ ಎಂದರು ಇವರು, ಬಸ್ಸಿನಲ್ಲಿ ನಾನು ಆ ಬಾಟಲಿಯನ್ನು ಸೆರಗಿನೊಳಗೆ ಹಿಡಿದುಕೊಂಡು ಬಂದೆ, ಮಗಳು ಕಿಟಕಿಯ ಗಾಳಿಗೆ ಮುಖ ಕೊಟ್ಟಿದ್ದಳು, ಮನೆಗೆ ಬಂದು ಅದನ್ನು ಗೋಡೆಯ ಮಾಡದಲ್ಲಿ ಇಟ್ಟೆ, ಅಲ್ಲೇ ಉಳಿಯಿತು.

ಯಾರೂ ಬೇಡ ಎನ್ನಲಿಲ್ಲ, ಅದನ್ನೂ ಹೇಳಬೇಕು, ಜಗಳವಾಗಲಿಲ್ಲ, ನಾಳಿ ನೋಡೂಣು ಎಂದರು ಅಷ್ಟೆ. ಅಣ್ಣಿಗೇರಿಯಿಂದ ಇವರ ಅಣ್ಣ ಕುಬೇರಪ್ಪ ಫೋನಿನಲ್ಲಿ, ಫಿಟ್ಸಿನ ಔಷಧ ಶುರು ಮಾಡಿದ್ರ ಫಿಟ್ಸ್ ಐತಿ ಅಂತ ನಾವ ಒಪ್ಪಿಕೊಂಡಂಗ ಆತಲ್ಲೋ ಸಂಗಣ್ಣ, ಹೆಣ್ಣು ಕೂಸು, ನಾಳಿ ಯಾರರ ಕೇಳಿದ್ರ ಏನ್ ಹೇಳ್ತಿ – ಇವರು ಹೂಂ ಹೂಂ ಎನ್ನುತ್ತಿದ್ದರು, ಹೂಂ ಎಂದದ್ದು ಅಣ್ಣನಿಗಲ್ಲ, ಮಾತು ಮುಗಿಯಲಿ ಎಂದು. ಇವರ ಹೆದರಿಕೆ ಬೇರೆ. ಇವರದು ಹುಳ ಸಾಯಲೆಂದು ಬೆಳೆಗೆ ಹೊಡೆಯುವ ಎಣ್ಣಿ ಮಾರುವ ಅಂಗಡಿ, ಹತ್ತಿಗೆ ಯಾವುದು, ಕಡಲೆಗೆ ಯಾವುದು, ಒಂದು ಮುಚ್ಚಳ ಹೆಚ್ಚಾದರೆ ಎಲೆ ಹೇಗೆ ಸುಟ್ಟುಹೋಗುತ್ತದೆ, ಎಲ್ಲ ಬಾಯಿಪಾಠ, ರೋಗ ಕಂಡ ಮ್ಯಾಲೆ ತಡಾ ಮಾಡಬಾರ್ದ್ರಿ ಕಾಕಾ ಎಂದು ರೈತರಿಗೆ ಹೇಳುವುದನ್ನು ಎಷ್ಟೋ ಸಲ ಕೇಳಿದ್ದೇನೆ, ಅದನ್ನೇ ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ನಾನು ಅವರಿಗೆ ಹೇಳಿದೆ, ಚುಚ್ಚಬೇಕೆಂದೇ ಹೇಳಿದೆ. ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿ ಹೇಳಿದರು, ಔಷಧ ಅಂದ್ರ ಏನಂತ ನಂಗ ಗೊತ್ತೈತಿ ಶೈಲಾ, ಹುಳಾ ಸಾಯ್ತಾವ, ಅದರ ಜೋಡಿ ಜೇನೂ ಸಾಯ್ತಾವ. ಆಮೇಲೆ ಇಬ್ಬರೂ ಉಣ್ಣಲಿಲ್ಲ, ಉಂಡೆವೇನೋ, ರುಚಿ ನೆನಪಿಲ್ಲ. ಅವರು ಅಂಗಡಿಯಲ್ಲಿ ಕೂತು ಫೋನಿನಲ್ಲಿ ಆ ಔಷಧದ ಬಗ್ಗೆ ಓದುತ್ತಿದ್ದರಂತೆ, ಹೊಟ್ಟೆ ತೊಳಸಬಹುದು, ತೂಕಡಿಕೆ ಬರಬಹುದು, ರಕ್ತ ನೋಡಿಸುತ್ತಿರಬೇಕು, ಓದಿದಷ್ಟೂ ಆ ಬಾಟಲಿ ತಮ್ಮ ಅಂಗಡಿಯ ಬಾಟಲಿಯಂತೆಯೇ ಕಂಡಿರಬೇಕು. ಮತ್ತು ನಾನು, ನಾನೇನು ದೊಡ್ಡ ಧೈರ್ಯದವಳು, ನಾಳೆ ಎಂದು ಅವರು ಅಂದಾಗಲೆಲ್ಲ ಒಳಗೊಂದು ಗಂಟು ಸಡಿಲವಾಗುತ್ತಿತ್ತು, ಇವತ್ತಿನ ಮಟ್ಟಿಗೆ ನನ್ನ ಮಗಳಿಗೆ ಏನೂ ಇಲ್ಲ.

ಮಲ್ಲಮ್ಮನ ಸಂಗತಿ ಆಗಲೇ ಹೊರಬಂದದ್ದು. ಮದುವೆಯಾಗಿ ಬಂದು ಇಷ್ಟು ವರ್ಷವಾದರೂ ಅತ್ತೆಗೆ ಒಬ್ಬ ತಂಗಿ ಇದ್ದಳೆಂದೇ ನನಗೆ ಗೊತ್ತಿರಲಿಲ್ಲ, ಇವರಿಗೂ ಹೆಸರಷ್ಟೇ ಗೊತ್ತು. ಅತ್ತೆ ಕಡಲೆ ಹಸನು ಮಾಡುತ್ತ, ತಲೆ ಎತ್ತದೆ, ಕಲ್ಲು ಆರಿಸಿ ಬದಿಗೆ ಇಡುತ್ತ ಹೇಳಿದರು – ದುಮ್ಮವಾಡದ ತವರು, ತಮಗಿಂತ ಎರಡು ವರ್ಷ ಸಣ್ಣವಳು, ಭತ್ತದ ಗದ್ದೆಯಲ್ಲಿ ಅವಳು ಹಾಡಿಗೆ ನಿಂತರೆ ಬಾಜು ಹೊಲದವರು ಕೆಲಸ ನಿಲ್ಲಿಸಿ ಕೇಳುತ್ತಿದ್ದರು, ಒಂದು ದಿನ ಬದುವಿನ ಮೇಲೆ ಬಿದ್ದು ಕೈಕಾಲು ಸೆಟೆದುಕೊಂಡಳು, ಆಮೇಲೆ ಮೇಲಿಂದ ಮೇಲೆ. ಧಾರವಾಡದಿಂದ ಬಿಳಿ ಗುಳಿಗೆ ತಂದರು. ಗುಳಿಗಿ ತಿನ್ನಾಕತ್ತಿದ ಮ್ಯಾಲೆ ಬೀಳೂದು ನಿಂತಿತು ಶೈಲಾ, ಸುಳ್ಳ್ಯಾಕ ಹೇಳಲಿ, ನಿಂತಿತು, ಅದರ ಜೋಡಿ ನಮ್ಮ ಮಲ್ಲಮ್ಮನೂ ನಿಂತ್ಲು. ಕಂಬಕ್ಕೆ ಒರಗಿ ಕೂತರೆ ಸಂಜೆಯ ತನಕ ಅಲ್ಲೇ, ಅಂಬಲಿಯ ಬಟ್ಟಲು ಕೈಯಲ್ಲಿ ಕೊಟ್ಟರೆ ಕೊಟ್ಟ ಹಾಗೇ ಹಿಡಿದುಕೊಂಡಿರುತ್ತಿದ್ದಳು, ಹಾಡು ಹೇಳೇ ಎಂದರೆ ಮೊದಲ ಸಾಲು ಹೇಳಿ ನಿದ್ದೆ ಹೋಗುತ್ತಿದ್ದಳು, ಹಾಗೇ ಬದುಕಿ ಒಂದು ಚಳಿಗಾಲದಲ್ಲಿ ಯಾರಿಗೂ ತ್ರಾಸು ಕೊಡದೆ ಹೋದಳು. ಒಳಗೆ ಗೋಡೆಯ ಮಾಡದ ಕಡೆ ಕೈ ತೋರಿಸಿ ಅತ್ತೆ ಹೇಳಿದ್ದು ಒಂದೇ ಮಾತು, ನನ್ನ ನಗಿಮಾರಿನ ಕಂಬಕ್ಕ ಒರಗಸಬ್ಯಾಡ್ರಿ. ಅದು ಹಟವಾಗಿದ್ದರೆ ಎದುರು ಮಾತಾಡಬಹುದಿತ್ತು, ಹಟವಾಗಿರಲಿಲ್ಲ, ಕಣ್ಣಾರೆ ಕಂಡದ್ದು.

ಹಾಗೆ ಎಳ್ಳಮಾಸಿ ಬಂತು, ಅಮಾವಾಸ್ಯೆಯ ಅಡುಗೆಯನ್ನು ಹೊಲಕ್ಕೆ ಚರಗ ಚೆಲ್ಲಿ ಬಂದ ಮರುದಿನ ಬೆಳಿಗ್ಗೆ, ಚಳಿ ಇತ್ತು, ಅತ್ತೆ ಇದೇ ಬಾಗಿಲಲ್ಲಿ ಬಿಸಿಲಿಗೆ ಕಾಲು ಚಾಚಿ ಕೂತಿದ್ದರು, ದಿನಾಲೂ ಆಯಿಗೆ ಚಹಾ ಒಯ್ಯುವುದು ಶಾಂಭವಿಯ ಕೆಲಸ, ಅಜ್ಜಿಯನ್ನು ಅವಳು ಆಯಿ ಎನ್ನುತ್ತಾಳೆ, ನನ್ನದು ನನ್ನದು ಎಂದು ತಾನೇ ಹಿಡಿದುಕೊಂಡ ಕೆಲಸ ಅದು – ಒಲೆಯಿಂದ ಇಳಿಸಿದ ಚಹಾ, ಸ್ಟೀಲಿನ ಲೋಟ, ಸುತ್ತ ಬಟ್ಟೆ. ನಾನು ಅಡುಗೆಮನೆಯಿಂದ ಅವಳ ಬೆನ್ನು ನೋಡುತ್ತಿದ್ದೆ. ಅಜ್ಜಿಯ ಮುಂದೆ ಹೋಗಿ ನಿಂತಳು, ನಿಂತೇ ಇದ್ದಳು, ಅತ್ತೆ ಕೈ ಮುಂದೆ ಮಾಡಿದ್ದರು, ಚಹಾ ತಾರವ್ವ ಎನ್ನುತ್ತಿದ್ದರು, ಲೋಟ ಅವಳ ಕೈಯಲ್ಲೇ ಮೆಲ್ಲಗೆ ಓರೆಯಾಯಿತು, ಯಾರೋ ಗಿಡಕ್ಕೆ ನೀರು ಹಾಕುತ್ತಿರುವ ಹಾಗೆ, ಅಷ್ಟು ಸಾವಕಾಶವಾಗಿ, ಚಹಾ ಎಲ್ಲ ಅತ್ತೆಯ ಪಾದದ ಮೇಲೆ. ಅತ್ತೆ ಕೂಗಿದರು, ನಾನು ಓಡಿದೆ, ಅಷ್ಟರಲ್ಲಿ ಇವಳಿಗೆ ಅರಿವು ಬಂದಿತ್ತು, ಖಾಲಿ ಲೋಟ ನೋಡಿದಳು, ಅಜ್ಜಿಯ ತೆರೆದ ಬಾಯಿ ನೋಡಿದಳು – ನಕ್ಕಳು. ಅತ್ತೆ ಹೊಡೆದರು. ಹುಟ್ಟಿದಾಗಿನಿಂದ ಎಂದೂ ಹೊಡೆಯದವರು ಕೆನ್ನೆಯ ಮೇಲೆ ಬಾರಿಸಿದರು, ನನ್ನ ಸುಟ್ಟು ನಗತಿಯೇನಬೇ, ಅವಳು ಆಗಲೂ ನಗುತ್ತಿದ್ದಳು, ಕೆನ್ನೆಯ ಮೇಲೆ ಬೆರಳು ಮೂಡಿದ್ದವು, ಕಣ್ಣಿನಿಂದ ನೀರು ಇಳಿಯುತ್ತಿತ್ತು, ಬಾಯಿ ನಗುತ್ತಿತ್ತು, ನಾನು ಅವಳನ್ನು ಎಳೆದುಕೊಂಡು ಎದೆಗೆ ಒತ್ತಿಕೊಂಡೆ, ಯಾಕ ನಗತಿ, ಯಾಕ ನಗತಿ ಎಂದು ಕೇಳಿದೆ, ಆಮೇಲೆ ನನ್ನ ಸೀರೆಯೊಳಗಿಂದ ಅವಳ ದನಿ – ನಾ ಏನ್ ಮಾಡಿದ್ನಿ ನಂಗ ಗೊತ್ತಿಲ್ಲ ಮಮ್ಮಿ, ನಡುವ ಏನೋ ಆಗಿ ಹೋಗಿರ್ತೈತಿ, ಎಲ್ಲಾರೂ ನನ್ನ ನೋಡ್ತಿರ್ತಾರ, ಏನಾತು ಅಂತ ಕೇಳಿದ್ರ ಹುಚ್ಚಿ ಅಂತಾರ, ನಕ್ಕರ ಯಾರೂ ಏನೂ ಅನ್ನೂದಿಲ್ಲ, ಅದಕ್ಕ ನಗತೇನಿ.

ಅತ್ತೆ ಕೇಳಿಸಿಕೊಂಡರು. ಪಾದಕ್ಕೆ ತಣ್ಣೀರು ಸುರಿಯುತ್ತಿದ್ದೆ, ಚರ್ಮ ಕೆಂಪಾಗಿ ಗುಳ್ಳೆ ಏಳುತ್ತಿತ್ತು, ಅವರಿಗೆ ಅದು ಯಾರದೋ ಕಾಲು, ಮೊಮ್ಮಗಳನ್ನೇ ನೋಡುತ್ತಿದ್ದರು, ಅವರ ಮನಸ್ಸಿನಲ್ಲಿ ಏನು ಓಡುತ್ತಿತ್ತೆಂದು ನನಗೆ ಕಾಣುತ್ತಿತ್ತು, ನನ್ನಲ್ಲೂ ಅದೇ ಓಡುತ್ತಿತ್ತಲ್ಲ, ಊಟದ ನಡುವಿನ ಆ ನಗು, ಜಾತ್ರೆಗೆ ಹೋದಾಗಿನ ಆ ನಗು, ಮಡಿಲಲ್ಲಿ ಕೂತು ಕಥೆ ಕೇಳುತ್ತ ಕೇಳುತ್ತ ಒಮ್ಮೆಲೆ ನಕ್ಕಾಗ ಅತ್ತೆ ಹಣೆಗೆ ಮುತ್ತಿಟ್ಟದ್ದು – ಒಂದೊಂದನ್ನೂ ತೆಗೆದು ನೋಡಿದರೆ ಅದರ ಹಿಂದೆ ಏನೋ ತಪ್ಪಿಸಿಕೊಂಡು ಹೆದರಿದ ಒಂದು ಕೂಸು. ಆ ದಿನವೆಲ್ಲ ಅತ್ತೆ ಉಣ್ಣಲಿಲ್ಲ. ಮರುದಿನ ಬೆಳಿಗ್ಗೆ ಮಗ ಅಂಗಡಿಗೆ ಹೊರಟಾಗ ತಡೆದರು, ಸಂಗನಬಸವ, ಡಾಕ್ಟರ ಕಡೆ ಹೋಗೂಣು, ನಾನೂ ಬರ್ತೇನಿ, ನಂದು ಕೇಳೂದೈತಿ. ಇವರು ಅಂಗಡಿಯ ಕೀಲಿಕೈಯನ್ನು ಮೊಳೆಗೆ ಮತ್ತೆ ಹಾಕಿದರು.

ಕಾಲಿಗೆ ಬಟ್ಟೆ ಸುತ್ತಿಕೊಂಡು, ನನ್ನ ಹೆಗಲು ಹಿಡಿದು, ಆಸ್ಪತ್ರೆಯ ಮೆಟ್ಟಿಲು ಹತ್ತಿದರು ಅತ್ತೆ, ಡಾಕ್ಟರು ಕೂಡ್ರಿ ಎಂದರೂ ಕೂಡಲಿಲ್ಲ, ನಿಂತುಕೊಂಡೇ ಮಲ್ಲಮ್ಮನ ಕಥೆಯನ್ನೆಲ್ಲ ಹೇಳಿದರು, ಹಾಡು, ಬದು, ಬಿಳಿ ಗುಳಿಗೆ, ಕಂಬ, ಹೊರಗೆ ಜನ ಕಾಯುತ್ತಿದ್ದರು, ಡಾಕ್ಟರು ಪೆನ್ನು ಕೆಳಗಿಟ್ಟು ಕೇಳಿದರು. ನಮ್ಮ ಕೂಸು ಹಂಗ ಆಗತೈತೇನು, ಅಷ್ಟ ಹೇಳ್ರಿ. ಡಾಕ್ಟರು ಹಾಗಾಗುವುದಿಲ್ಲ ಎಂದುಬಿಡುತ್ತಾರೆ ಎಂದುಕೊಂಡಿದ್ದೆ, ಆಣೆ ಮಾಡಿ ಹೇಳಲಿ ಎಂದು ಬಯಸಿದ್ದೆ. ನಿಮ್ಮ ತಂಗಿಗಿ ಆಗಿದ್ದು ಸುಳ್ಳಂತ ನಾ ಹೇಳೂದಿಲ್ಲ ಅಜ್ಜಿ, ಎಂದರು ಅವರು, ಆಗಿನ ಗುಳಿಗಿ ಬ್ಯಾರೆ, ಇದು ಬ್ಯಾರೆ, ಆದ್ರ ಇದರಾಗೂ ತೂಕಡಿಕಿ ಬರಬಹುದು, ಅಳತಿ ಏರಿಸಿದಾಗ ಒಂದೆರಡು ದಿನ ಹೆಚ್ಚು ಮಲಗಬಹುದು, ಆಮ್ಯಾಲೂ ಹಂಗ ಇದ್ರ ನಂಗ ಹೇಳ್ರಿ, ಕಮ್ಮಿ ಮಾಡೂಣು, ಇಲ್ಲಂದ್ರ ಬದಲಿ ಮಾಡೂಣು, ನಿಮ್ಮಷ್ಟಕ್ಕ ನೀವ ನಿಲ್ಲಸಬ್ಯಾಡ್ರಿ, ಅದೊಂದು ಮಾತು ಕೊಡ್ರಿ. ನಮ್ಮ ಮಲ್ಲಮ್ಮನ ಸಲುವಾಗಿ ತಿರುಗಿ ಯಾರೂ ಕೇಳಾಕ ಹೋಗಲಿಲ್ಲ, ಎಂದರು ಅತ್ತೆ, ಒಮ್ಮಿ ತಂದ್ರು, ಅದನ್ನ ಕೊಟ್ಕೋಂತ ಹೋದ್ರು. ಅಷ್ಟು ಹೇಳಿ ಕುರ್ಚಿಯಲ್ಲಿ ಕೂತರು, ಆಗ ಕೂತರು.

ಔಷಧದ ಬಾಟಲಿಯನ್ನು ಮಾಡದಿಂದ ತೆಗೆದವರು ಇವರು. ಅಂಗಡಿಯಲ್ಲಿ ಅಳೆಯುವ ಹಾಗೆಯೇ ಅಳತೆಯ ಮುಚ್ಚಳಕ್ಕೆ ಸುರಿದು, ಬೆಳಕಿಗೆ ಎತ್ತಿ ಹಿಡಿದು, ಕಣ್ಣಿನ ಮಟ್ಟಕ್ಕೆ ತಂದು, ಗೆರೆ ನೋಡಿ, ಒಂದು ಹನಿ ಹೆಚ್ಚಾಯಿತೆಂದು ಮತ್ತೆ ಬಾಟಲಿಗೆ ಬಿಟ್ಟು, ಮಗಳ ಬಾಯಿಗೆ ಕೊಟ್ಟು, ಆಮೇಲೆ ಹಿತ್ತಲಿಗೆ ಹೋಗಿ ನಿಂತರು, ನಾನು ಹಿಂದೆ ಹೋಗಲಿಲ್ಲ. ಸವಿತಾ ಟೀಚರಿಗೆ ನಾನೇ ಹೇಳಿದೆ. ಕುಬೇರಪ್ಪ ಭಾವನಿಗೆ ಅತ್ತೆ ಹೇಳಿದರು, ಹೌದಪಾ, ನಾವ ಒಪ್ಪಿಕೊಂಡೇವಿ, ಎಂದು, ಅಷ್ಟೇ ಹೇಳಿ ಫೋನು ಇವರ ಕೈಗೆ ಕೊಟ್ಟರು. ಮೂರು ವಾರವಾಯಿತು. ಮೊದಮೊದಲು ಕಡಿಮೆಯಾಗಲಿಲ್ಲ, ಹೊಟ್ಟೆ ತೊಳಸಿತು, ಎರಡು ದಿನ ಅನ್ನ ಮೊಸರು ಬಿಟ್ಟು ಏನೂ ಬೇಡ ಎಂದಳು, ಈ ವಾರ ನಾನು ಒಂದನ್ನೂ ಕಂಡಿಲ್ಲ, ನಾನು ಕಂಡಿಲ್ಲ ಎಂದರೆ ಬಂದಿಲ್ಲ ಎಂದಲ್ಲ, ಇಷ್ಟು ವರ್ಷ ಕಾಣದವಳು ನಾನು – ಮತ್ತು ಇವತ್ತು ಈ ನಿದ್ದೆ. ಒಂದೆರಡು ದಿನ ಹೆಚ್ಚು ಮಲಗಬಹುದು ಎಂದಿದ್ದರಲ್ಲ, ಮೊದಲೇ ಹೇಳಿದ್ದರಲ್ಲ, ನಾಳೆಯೂ ಹೀಗೇ ಇದ್ದರೆ ಫೋನು ಮಾಡಬೇಕು, ನಾಡಿದ್ದಿನ ತನಕ ಕಾಯಬೇಕೋ, ಅತ್ತೆ ಚೌಕಟ್ಟಿನಿಂದ ಬೆನ್ನು ತೆಗೆದರು, ಮತ್ತೆ ಒರಗಿದರು. ಬೆಳಿಗ್ಗೆ ಇವರು ಓಣಿಯ ಮಕ್ಕಳನ್ನೆಲ್ಲ ಟ್ರ್ಯಾಕ್ಟರಿಗೆ ಹತ್ತಿಸಿಕೊಂಡು ಹೊಲಕ್ಕೆ ಹೋದರು, ಸೀತನಿಯ ಕಾಲ, ಹಸಿ ಜೋಳದ ತೆನೆ ಬೆಂಕಿಯಲ್ಲಿ ಸುಟ್ಟು ಬಡಿದುಕೊಟ್ಟರೆ ಮಕ್ಕಳಿಗೆ ಬೇರೇನೂ ಬೇಡ, ವಾರದಿಂದ ಇವಳದು ಅದೇ ಮಾತಾಗಿತ್ತು, ಹೊರಡುವ ಮೊದಲು ಇವರು ಮಂಚದ ಹತ್ತಿರ ನಿಂತು ಎಬ್ಬಸ್ಲೇನು ಎಂದು ಕೇಳಿದರು, ಮಲಗ್ಲಿ ಬಿಡ್ರಿ, ಎಂದವಳು ನಾನು.

ಹೆಜ್ಜೆ. ಹೌದು, ಹೆಜ್ಜೆಯೇ, ಅತ್ತೆ ಕಾಲು ಮಡಚಿ ದಾರಿ ಬಿಟ್ಟರು, ಬಾಗಿಲಲ್ಲಿ ಬಂದು ನಿಂತಳು, ಕೂದಲು ಮುಖದ ಮೇಲೆ, ಕೆನ್ನೆಗೆ ಕೌದಿಯ ಹೊಲಿಗೆ ಒತ್ತಿದ ಗೆರೆ, ಅಂಗಳ ನೋಡಿದಳು, ಟ್ರ್ಯಾಕ್ಟರು ನಿಲ್ಲುವ ಜಾಗ ನೋಡಿದಳು, ಎಲ್ಲಾರೂ ಹೋದ್ರೇನು. ಹೋದ್ರವ್ವಾ, ಎಂದೆ, ನಿದ್ದಿ ಹತ್ತಿತ್ತು ನಿಂಗ. ಈಗ ನಗುತ್ತಾಳೆ, ನಾನೂ ಅತ್ತೆಯೂ ಕಾಯುತ್ತಿದ್ದೇವೆ, ತಪ್ಪಿಹೋದದ್ದು ಏನೇ ಇರಲಿ ಇವಳು ನಗುತ್ತಾಳಲ್ಲ, ನಗುತ್ತಿಲ್ಲ, ಕಣ್ಣು ತೆರೆದೇ ಇದೆ, ಅಲುಗಾಡುತ್ತಿಲ್ಲ, ಬಂತೇ, ಔಷಧ ಏರಿಸಿದ ಮರುದಿನವೇ ಬಂತೇ, ಶಾಂಭವಿ, ಎಂದೆ, ಓ ಎನ್ನಲಿಲ್ಲ, ಅತ್ತೆ ನೆಲಕ್ಕೆ ಕೈ ಊರಿ ಅರ್ಧ ಎದ್ದರು, ಆನೆ ಎಂದು ಹೇಳಲೇ, ಏನು ಹೇಳಲಿ, ಆಗ ಆ ಕಣ್ಣು ಹೊರಳಿತು – ನನ್ನಿಂದ ಅಜ್ಜಿಗೆ, ಅಜ್ಜಿಯಿಂದ ನನಗೆ. ನಿಂಗ ಗೊತ್ತಿತ್ತಲ್ಲ ಮಮ್ಮಿ, ನಾ ಹೋಗಬೇಕಂದಿದ್ನಿ, ಗೊತ್ತಿದ್ದೂ ಯಾಕ ಎಬ್ಬಸಲಿಲ್ಲ ನನ್ನ. ಅತ್ತೆ ಹಾಗೇ ಅರ್ಧಕ್ಕೆ ನಿಂತರು. ಸಿಟ್ಟು. ನನ್ನ ಮಗಳಿಗೆ ಸಿಟ್ಟು ಬಂದಿದೆ, ಒಂಬತ್ತು ವರ್ಷದಲ್ಲಿ ಈ ಮುಖ ನಾನು ನೋಡಿದ್ದೇನೆಯೇ, ಕೆಳತುಟಿ ಮುಂದೆ ಬಂದಿದೆ, ಕಣ್ಣಿನ ತುಂಬ ನೀರು ನಿಂತಿದೆ, ಕೆಳಗೆ ಬೀಳಗೊಡುತ್ತಿಲ್ಲ, ಮುಖ ತಿರುಗಿಸುತ್ತಿಲ್ಲ, ಏನಾದರೂ ಹೇಳಬೇಕು, ಸಂಜೆ ಹೋಗೂಣು ಎನ್ನಬೇಕು, ಹೇಳುತ್ತೇನೆ, ತಡೆ – ನೋಡುತ್ತಿದ್ದಾಳೆ. ರೆಪ್ಪೆ ಬಡಿಯಿತು, ನೀರು ಇಳಿಯಿತು, ಮತ್ತೆ ನೋಡುತ್ತಿದ್ದಾಳೆ. ಆ ಕೆಳತುಟಿ. ನನ್ನನ್ನೇ ನೋಡುತ್ತಿದ್ದಾಳೆ, ಸಿಟ್ಟಿನಿಂದ, ನನ್ನನ್ನೇ.